ಹೃದಯದ ಆರೋಗ್ಯಕ್ಕೆ ಜೋಳ, ತೊಗರಿ: ಕರುಳಿನ ಸೂಕ್ಷ್ಮಜೀವಿಗಳ ಪಾತ್ರ

ಮಾಣಿಕನಗರದಲ್ಲಿ ದತ್ತ ಜಯಂತಿಯ ಜಾತ್ರೆ ನಡೆದ ಹದಿನೈದು ದಿನಕ್ಕೆ ಎಳ್ಳಮಾವಾಸ್ಯೆ ಬರುತ್ತದೆ. ಅಂದು ಹುಮನಾಬಾದ, ಬಸವಕಲ್ಯಾಣ ಭಾಗದ ರೈತರು ಮನೆಮಂದಿಯೊಡನೆ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ರೊಟ್ಟಿ, ಜೋಳದ ಅಂಬಲಿ ಉಣ್ಣುವುದು ವಾಡಿಕೆ. ಹಸಿ ಕಾಳು, ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಇಂತಹ ಊಟಕ್ಕೂ ಹೃದಯದ ಆರೋಗ್ಯಕ್ಕೂ ಸಂಬಂಧವಿದೆ. ಆ ಸಂಬಂಧದ ನಡುವೆ ಇರುವವು ನಮ್ಮ ಕರುಳಿನ ಸೂಕ್ಷ್ಮಜೀವಿಗಳು.

ಈ ವಿಷಯದತ್ತ ನನ್ನ ಗಮನ ಹರಿದದ್ದು ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದ. ರಾಶಿ ಮಾಡುವಾಗ ನಮ್ಮ ಅಣ್ಣನವರಿಗೆ ಎದೆ ಹಿಡಿದಂತಾಯಿತು. ಹೊಟ್ಟೆಯ ವಾಯು ಎಂದು ತಿಳಿದು ಸೋಡಾ ಕುಡಿದು ಮಲಗಿದರು. ಸಂಜೆ ಆಸ್ಪತ್ರೆ ಸೇರಿದಾಗ ಅದು ಹೃದಯಾಘಾತವೆಂದು ತಿಳಿಯಿತು. ದೈವವಶಾತ್ ಜೀವ ಉಳಿಯಿತು. ಬೀಡಿಯ ಚಟವಿತ್ತು, ರಕ್ತದೊತ್ತಡವಿತ್ತು. ಅದರೊಂದಿಗೆ ಇನ್ನೊಂದು ಮಾತೂ ಇತ್ತು: ಬೆಳೆದ ಜೋಳ, ತೊಗರಿ ಎಲ್ಲವೂ ಪೇಟೆಗೆ ಹೋಗಿ, ಮನೆಯಲ್ಲಿ ಮೂರು ಹೊತ್ತೂ ಬಿಳಿ ಅನ್ನ ನಡೆದಿತ್ತು.

ಎತ್ತಿನ ಹೊಟ್ಟೆ, ನಮ್ಮ ಕರುಳು

ಒಣ ಕಣಿಕೆ ತಿಂದ ಎತ್ತಿಗೆ ಕಸುವು ಎಲ್ಲಿಂದ ಬರುತ್ತದೆ? ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ಮನುಷ್ಯನ ದೊಡ್ಡ ಕರುಳಿನಲ್ಲಿಯೂ ಇವೇ ಆಮ್ಲಗಳು ತಯಾರಾಗುತ್ತವೆ. ಇವುಗಳಲ್ಲಿ ಬ್ಯುಟಿರಿಕ್ ಆಮ್ಲವು ಕರುಳಿನ ಒಳಪೊರೆಯ ಜೀವಕೋಶಗಳಿಗೆ ಮುಖ್ಯ ಆಹಾರ.

ಈ ಒಳಪೊರೆ ಹೊಲದ ಒಡ್ಡಿನಂತೆ. 2016ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಒಂದು ಪ್ರಯೋಗದಲ್ಲಿ, ನಾರಿಲ್ಲದ ಮೇವು ಕೊಟ್ಟಾಗ ಹಸಿದ ಸೂಕ್ಷ್ಮಜೀವಿಗಳು ಕರುಳಿನ ಲೋಳೆಯ ಪದರವನ್ನೇ ತಿನ್ನತೊಡಗಿದವು. ಒಡ್ಡು ಸವೆದರೆ ಅವುಗಳ ವಿಷವಸ್ತುಗಳು ರಕ್ತಕ್ಕೆ ನುಸುಳಿ ಉರಿಯೂತ ಉಂಟಾಗಬಹುದು. ಬಹುಕಾಲದ ಉರಿಯೂತವು ರಕ್ತನಾಳಗಳಲ್ಲಿ ಕೊಬ್ಬು ಕಟ್ಟಲು ನೆರವಾಗುತ್ತದೆ.

ಬೇಳೆಕಾಳುಗಳ ನಾರಿನಿಂದ ಇನ್ನೊಂದು ಪ್ರಯೋಜನವಿದೆ. ಅದು ಪಿತ್ತರಸದ ಆಮ್ಲಗಳನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತು ಕೊಲೆಸ್ಟರಾಲನ್ನು ಬಳಸಿಕೊಳ್ಳುವುದರಿಂದ ರಕ್ತದಲ್ಲಿ ಅದರ ಪ್ರಮಾಣ ತಗ್ಗುತ್ತದೆ.

ಸೂಕ್ಷ್ಮಜೀವಿಗಳಿಂದ ಕೇಡೂ ಆಗಬಹುದು. ಕುರಿ, ಮೇಕೆ ಮುಂತಾದ ಕೆಂಪು ಮಾಂಸದಲ್ಲಿರುವ ಕಾರ್ನಿಟಿನ್ ಎಂಬ ವಸ್ತುವನ್ನು ಕೆಲವು ಸೂಕ್ಷ್ಮಜೀವಿಗಳು ಒಡೆಯುತ್ತವೆ. ಹಾಗೆ ಒಡೆದದ್ದನ್ನು ಯಕೃತ್ತು 'ಟಿ.ಎಂ.ಎ.ಓ.' ಎಂಬ ಪದಾರ್ಥವನ್ನಾಗಿ ಬದಲಿಸುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವಿಜ್ಞಾನಿಗಳು ಸುಮಾರು 4,000 ಜನರನ್ನು ಮೂರು ವರ್ಷ ಗಮನಿಸಿ, ರಕ್ತದಲ್ಲಿ ಇದು ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹಾಗೂ ಸಾವಿನ ಸಂಭವ ಹೆಚ್ಚೆಂದು 2013ರಲ್ಲಿ ವರದಿ ಮಾಡಿದರು. ಇದೇ ಮೂಲ ಕಾರಣವೆಂದು ಇನ್ನೂ ಸ್ಥಿರಪಟ್ಟಿಲ್ಲವಾದರೂ ಮಾಂಸ ಮಿತವಾಗಿರುವುದು ಲೇಸು.

ಯಾವ ಧಾನ್ಯದಲ್ಲಿ ಎಷ್ಟು ನಾರು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕಗಳಂತೆ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ, ಜೋಳದಲ್ಲಿ 10 ಗ್ರಾಂ, ತೊಗರಿ ಬೇಳೆಯಲ್ಲಿ 9 ಗ್ರಾಂ, ಇಡಿ ಕಡಲೆಯಲ್ಲಿ 25 ಗ್ರಾಂ. ದಿನಕ್ಕೆ 300 ಗ್ರಾಂ ಅಕ್ಕಿ ಉಂಡವನಿಗೆ ಸಿಗುವುದು 9 ಗ್ರಾಂ. ಅಷ್ಟೇ ಜೋಳ ಉಂಡವನಿಗೆ 30 ಗ್ರಾಂ.

ರೈತರು ಅನುಸರಿಸಬೇಕಾದ ಕ್ರಮಗಳು

1. ರಾಶಿಯಾದ ಕೂಡಲೆ ಮನೆಯ ವರ್ಷದ ಜೋಳ, ತೊಗರಿ, ಕಡಲೆ ತೆಗೆದಿಟ್ಟು, ಉಳಿದದ್ದನ್ನು ಮಾರಿರಿ.
2. ಜೋಳದ ಹಿಟ್ಟನ್ನು ಸಣ್ಣ ಜರಡಿ ಹಿಡಿದು ತೌಡನ್ನು ದನಕ್ಕೆ ಹಾಕಬೇಡಿರಿ. ನಾರು ಹೆಚ್ಚಾಗಿರುವುದು ಅದರಲ್ಲಿಯೇ.
3. ವಾರಕ್ಕೆ ಎರಡು ಮೂರು ಸಲ ಇಡಿ ಕಾಳಿನ ಗುಗ್ಗರಿ, ಪುಂಡಿಪಲ್ಯ ಇರಲಿ. ಹುಳಿ ಮಜ್ಜಿಗೆಯೂ ಒಳ್ಳೆಯದು. ಉಪ್ಪು ಕಡಿಮೆ ಇರಲಿ.
4. ಎತ್ತಿನ ಮೇವನ್ನು ಒಮ್ಮೆಲೆ ಬದಲಿಸಿದರೆ ಹೊಟ್ಟೆ ಉಬ್ಬುವುದು ನಿಮಗೆ ಗೊತ್ತು. ನಮ್ಮ ಊಟದಲ್ಲಿಯೂ ನಾರನ್ನು ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಹೆಚ್ಚಿಸಿ, ನೀರು ಹೆಚ್ಚು ಕುಡಿಯಿರಿ. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಊಟ ಬದಲಿಸತಕ್ಕದ್ದು.
5. ವೈದ್ಯರು ಹೇಳದೆ ಆಂಟಿಬಯೋಟಿಕ್ ಮಾತ್ರೆ ನುಂಗಬಾರದು. ಅವು ಉಪಕಾರಿ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತವೆ.
6. ಬೀಡಿ, ಸಿಗರೇಟು, ತಂಬಾಕು ಬಿಡತಕ್ಕದ್ದು. ಊಟ ಸುಧಾರಿಸಿತೆಂದು ರಕ್ತದೊತ್ತಡದ ಮಾತ್ರೆ ನಿಲ್ಲಿಸಕೂಡದು.

ಕೊನೆಯದಾಗಿ, ಎದೆ ಬಿಗಿದು ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಇಳಿದರೆ, ವಾಯುವೆಂದು ಮಲಗಬೇಡಿರಿ. ಕೂಡಲೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆ ಸೇರಿರಿ. ಅಣ್ಣನವರು ಸೋಡಾ ಕುಡಿದು ಕಳೆದ ಆ ಹೊತ್ತಿನಲ್ಲಿ ಅವರ ಹೃದಯದ ಒಂದು ಭಾಗ ಶಾಶ್ವತವಾಗಿ ದುರ್ಬಲವಾಯಿತು. ಈಗ ಅವರು ನೇಗಿಲು ಹಿಡಿಯುವುದಿಲ್ಲ. ಆದರೆ ಈ ವರ್ಷ ರಾಶಿಯ ಮೊದಲ ಚೀಲಗಳು ಪೇಟೆಗೆ ಹೋಗದೆ ಮನೆಗೆ ಬಂದಿವೆ.