ಬಿರುಕಿಗೆ ಹೊಲಿಗೆಯಾಗುವ ಎಳೆ

ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಹುಲ್ಲನ್ನೋ ಹೊಟ್ಟನ್ನೋ ಸೇರಿಸಿ ತುಳಿಯುತ್ತಿದ್ದರು. ಬರಿ ಮಣ್ಣು ಒಣಗಿ ಕುಗ್ಗುವಾಗ ಬಾಯಿ ಬಿಡುತ್ತದೆ. ನಡುವೆ ಸಿಕ್ಕಿಕೊಂಡ ಹುಲ್ಲು ಎರಡು ಅಂಚುಗಳನ್ನೂ ಹಿಡಿದುಕೊಳ್ಳುತ್ತದೆ. ಸಿಮೆಂಟಿನ ಗುಣವೂ ಹೆಚ್ಚುಕಡಿಮೆ ಇಂಥದೇ. ಕಾಂಕ್ರೀಟು ಎಷ್ಟು ಅದುಮುವಿಕೆಯನ್ನು ತಾಳುತ್ತದೋ ಅದರ ಸುಮಾರು ಹತ್ತರಲ್ಲೊಂದು ಪಾಲು ಎಳೆತವನ್ನಷ್ಟೇ ತಾಳಬಲ್ಲದು. ಬಿಸಿಲು, ಗಾಳಿ ಜೋರಾಗಿದ್ದ ದಿನ ಹಾಕಿದ ಚಪ್ಪಡಿಯ ಮೇಲ್ಮೈ ನೀರು ಬೇಗ ಆರಿ, ಕೆಲವೇ ಗಂಟೆಗಳಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ.

ಆ ಹುಲ್ಲಿನ ಕೆಲಸವನ್ನು ಕಸದ ಪ್ಲಾಸ್ಟಿಕ್ ಮಾಡೀತೇ? ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿರುವ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ರಬಿನ್ ತುಲಾಧರ್ ಮತ್ತು ಸಂಗಡಿಗರು ಕಾರ್ಖಾನೆಗಳಲ್ಲಿ ಉಳಿದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ತ್ಯಾಜ್ಯದಿಂದ ಎಳೆಗಳನ್ನು ತಯಾರಿಸಿ, ಕಾಲುದಾರಿಯ ಕಾಂಕ್ರೀಟಿನಲ್ಲಿ ಕಬ್ಬಿಣದ ಜಾಲರಿಯ ಬದಲು ಬಳಸಿದರು.

ಎಳೆ ಬೆರೆಸಿದರೆ ಕಾಂಕ್ರೀಟು ಇನ್ನಷ್ಟು ಭಾರ ಹೊರುತ್ತದೆ ಎಂದುಕೊಳ್ಳುವುದು ತಪ್ಪು. ಕಬ್ಬಿಣದ ಮುಂದೆ ಪ್ಲಾಸ್ಟಿಕ್ ತೀರ ಮೆತ್ತಗೆ. ಗಟ್ಟಿಯಾದ ಕಾಂಕ್ರೀಟು ಬಿರಿಯುವವರೆಗೆ ಅದಕ್ಕೆ ಹೆಚ್ಚು ಕೆಲಸವೇ ಇಲ್ಲ. ಬಿರುಕು ಮೂಡಿದ ಕ್ಷಣದಿಂದ ಅದರ ಸರದಿ. ಬಿರುಕಿಗೆ ಅಡ್ಡಲಾಗಿ ಮಲಗಿದ ಎಳೆಗಳು ಹೊಲಿಗೆಯಂತೆ ಬಿಗಿದು ನಿಲ್ಲುತ್ತವೆ. ಬಿರುಕು ಅಗಲವಾಗಬೇಕಾದರೆ ಒಂದೊಂದನ್ನೂ ಉಜ್ಜಿ ಹೊರಗೆಳೆಯಬೇಕು, ಇಲ್ಲವೇ ಹರಿಯಬೇಕು. ಎಳೆಯಿಲ್ಲದ ತುಂಡು ಪಟ್ಟನೆ ಎರಡಾಗುವ ಕಡೆ ಎಳೆಯಿರುವುದು ಬಿರಿದರೂ ಕೂಡಿಕೊಂಡೇ ಇರುತ್ತದೆ. ನನ್ನ ಮಟ್ಟಿಗೆ ಇಡೀ ಉಪಾಯದ ಸೊಗಸು ಇರುವುದು ಇಲ್ಲೇ.

ಆದರೆ ಪಾಲಿಪ್ರೊಪಿಲೀನ್ ನುಣುಪು, ನೀರನ್ನು ಹತ್ತಿರ ಸೇರಿಸದು, ಸಿಮೆಂಟಿಗೆ ಅಂಟದು. ಅದಕ್ಕೇ ಎಳೆಯ ಮೈಮೇಲೆ ಅಚ್ಚೊತ್ತಿ ತಗ್ಗುದಿಣ್ಣೆ ಮಾಡುತ್ತಾರೆ. ಕರಗಿಸಿದ ಪ್ಲಾಸ್ಟಿಕನ್ನು ಜಗ್ಗಿ ಉದ್ದ ಮಾಡಿದಾಗ ಅಣುಸರಪಳಿಗಳು ಒಂದೇ ದಿಕ್ಕಿಗೆ ಸಾಲುಗೂಡಿ ಬಲ ಹೆಚ್ಚುತ್ತದೆ. ಬಿಸಿಲಿಗೆ ಬಿದ್ದು, ಮತ್ತೆ ಮತ್ತೆ ಕಾದ ಪ್ಲಾಸ್ಟಿಕ್ಕಿನಲ್ಲಿ ಈ ಸರಪಳಿಗಳು ತುಂಡಾಗಿರುತ್ತವೆ. ಆದ್ದರಿಂದ ಯಾವ ಕಸವಾದರೂ ಆದೀತು ಎನ್ನುವಂತಿಲ್ಲ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕಿಗೆ ಇನ್ನೊಂದು ತೊಡಕು: ಸಿಮೆಂಟಿನೊಳಗಿನ ತೇವ ಬಹಳ ಕ್ಷಾರ, ಪಿಎಚ್ ಸುಮಾರು 13. ಅದು ಪೆಟ್‌ನ ಅಣುಬಂಧಗಳನ್ನು ನಿಧಾನವಾಗಿ ಬಿಡಿಸುತ್ತದೆ. ಪಾಲಿಪ್ರೊಪಿಲೀನ್ ಆ ಕ್ಷಾರಕ್ಕೆ ಜಗ್ಗುವುದಿಲ್ಲ.

ಅಳತೆ ಮೀರಿದರೆ ಎಳೆಗಳು ಉಂಡೆಗಟ್ಟುತ್ತವೆ, ಕಲಸು ಬಿರುಸಾಗುತ್ತದೆ. ಆಗ ಇನ್ನೊಂದು ಬಕೆಟ್ ನೀರು ಸುರಿದರೆ ಕಾಂಕ್ರೀಟೇ ಸೊರಗುತ್ತದೆ. ಮೇಸ್ತ್ರಿಗಳಿಗೆ ಇದನ್ನು ಮೊದಲೇ ತಿಳಿಸಬೇಕು.

ಮನೆಯ ಕಂಬ, ತೊಲೆ, ತಾರಸಿಯಿಂದ ಕಬ್ಬಿಣ ತೆಗೆದು ಪ್ಲಾಸ್ಟಿಕ್ ತುಂಬಬಹುದೆಂದು ಯಾರೂ ತಿಳಿಯಬಾರದು. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ; ಮನೆಗೆ ಬೆಂಕಿ ಬಿದ್ದರೆ ಅದರ ಹಿಡಿತವೇ ಉಳಿಯದು. ಇದರ ಜಾಗ ನೆಲಕ್ಕೊರಗಿ ಮಲಗುವ ಚಪ್ಪಡಿ: ಕಾಲುದಾರಿ, ಅಂಗಳ, ಚರಂಡಿಯ ಪಕ್ಕದ ನಡೆಹಾದಿ. ಅಲ್ಲಿ ಜಾಲರಿ ಹಾಕುವುದು ಮುಖ್ಯವಾಗಿ ಬಿರುಕು ಹಿಡಿಯಲಿಕ್ಕೆ. ಆ ಜಾಲರಿಗೆ ನೀರು ತಗುಲಿ ತುಕ್ಕು ಹಿಡಿದು ಉಬ್ಬಿದಾಗ ಅದೇ ಚಪ್ಪಡಿಯನ್ನು ಸೀಳುತ್ತದೆ. ಎಳೆಗಳಿಗೆ ತುಕ್ಕಿಲ್ಲ.