ಲಿನಕ್ಸ್‌ನಲ್ಲಿ ಆಯ್ಕೆ ಯಾರ ಕೈಯಲ್ಲಿ?

ಲಿನಕ್ಸ್‌ನಲ್ಲಿ ಒಂದೇ ತಂತ್ರಾಂಶ ಡೆಬ್, ಸ್ನ್ಯಾಪ್, ಫ್ಲಾಟ್‌ಪ್ಯಾಕ್, ಆ್ಯಪ್‌ಇಮೇಜ್ ಎಂದು ನಾನಾ ರೂಪದಲ್ಲಿ ಸಿಗುತ್ತದೆ. ಯಾವುದು ಬೇಕೆಂದು ತೀರ್ಮಾನಿಸುವವರು ಯಾರು? ಕನ್ನಡದ್ದೇ ಉದಾಹರಣೆ ನೋಡಿ. ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಡೆಬ್ ರೂಪದಲ್ಲಿವೆ. ಒಮ್ಮೆ ಹಾಕಿದರೆ ಲಿಬ್ರೆಆಫೀಸ್, ಬ್ರೌಸರ್ ಎರಡೂ ಅವನ್ನು ಬಳಸುತ್ತವೆ. ಲೈಬ್ರರಿಗಳನ್ನೂ ಹೀಗೇ ಹಂಚಿಕೊಳ್ಳುವುದರಿಂದ ಡೌನ್‌ಲೋಡ್ ಚಿಕ್ಕದು. ಭೂತನಾಳದಂಥ ಊರಲ್ಲಿ ಮೊಬೈಲ್ ಡೇಟಾ ನೆಚ್ಚಿಕೊಂಡು ಹಳೆಯ ಲ್ಯಾಪ್‌ಟಾಪ್ ನಡೆಸುವ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ. ಫ್ಲಾಟ್‌ಪ್ಯಾಕ್, ಸ್ನ್ಯಾಪ್‌ಗಳು ತಮ್ಮದೇ ಲೈಬ್ರರಿಗಳನ್ನು ತರುತ್ತವೆ. ಹಾಗಾಗಿ ಮೊದಲ ಡೌನ್‌ಲೋಡ್ ದೊಡ್ಡದಾಗುತ್ತದೆ.

ಹೊಸ ಆವೃತ್ತಿ, ಭದ್ರತೆ ಅವುಗಳಲ್ಲೇ ಹೆಚ್ಚಲ್ಲವೇ ಎಂದು ಕೇಳಬಹುದು. ನಿಜ, ಹಳೆಯ ಲಿನಕ್ಸ್ ಮೇಲೂ ಹೊಸ ಆವೃತ್ತಿ ಓಡುತ್ತದೆ, ಆ್ಯಪ್ ನಿಮ್ಮ ಕಡತಗಳನ್ನು ಮುಟ್ಟದಂತೆ ಬೇಲಿಯನ್ನೂ ಹಾಕಬಹುದು. ಈ ಲಾಭ ಒಪ್ಪುತ್ತೇನೆ. ಕೇಳದೆ ಹೇರುವುದನ್ನು ಒಪ್ಪಲಾರೆ. 2022ರ ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲೇ ಬಂತು; ಡೆಬ್ ತರುವ ಎಪಿಟಿ ಆಜ್ಞೆಯ ಮೂಲಕ ಉಬುಂಟು ಭಂಡಾರದಿಂದ ಕೇಳಿದರೂ ಬರುವುದು ಸ್ನ್ಯಾಪೇ. ಸ್ನ್ಯಾಪ್ ಅಂಗಡಿ ನಡೆಸುವುದು ಉಬುಂಟು ರೂಪಿಸುವ ಕ್ಯಾನೊನಿಕಲ್ ಕಂಪನಿಯೊಂದೇ. ಬಳಕೆದಾರರ ಅರಿವಿಲ್ಲದೆ ಸ್ನ್ಯಾಪ್ ಒಳಬರದಂತೆ ಉಬುಂಟು ಆಧರಿಸಿದ ಲಿನಕ್ಸ್ ಮಿಂಟ್ 2020ರಲ್ಲೇ ತಡೆಯಿತು. ಫಾಂಟ್, ಕೀಲಿಮಣೆ ಡೆಬ್‌ನಲ್ಲಿರಲಿ; ಹೊಸ ಆ್ಯಪ್ ಬೇಕಿದ್ದರೆ ಫ್ಲಾಟ್‌ಪ್ಯಾಕ್ ಬರಲಿ. ಇನ್‌ಸ್ಟಾಲ್ ಒತ್ತುವ ಮುನ್ನ ಅದು ಎಲ್ಲಿಂದ, ಯಾವ ರೂಪದಲ್ಲಿ ಬರುತ್ತಿದೆ ಎಂದು ಓದಿ, ನೀವೇ ಆರಿಸಿಕೊಳ್ಳಿ.