ಮೊದಲ ರೋಡ್ ಸೈಕಲ್: ಕೊಳ್ಳುವ ಮುನ್ನ ನಾಲ್ಕು ಮಾತು

ವ್ಯಾಪಾರಸ್ಥರಾದ ನಮಗೆ ಮಾಲು ಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಮನೆಯ ಹುಡುಗ ‘ರೋಡ್ ಸೈಕಲ್ ಬೇಕು’ ಎಂದಾಗ ನಾವೂ ಹೊಸ ಪೇಟೆಗೆ ಬಂದ ಗಿರಾಕಿಯಂತಾಗುತ್ತೇವೆ. ರಾಯದುರ್ಗದಲ್ಲೂ, 2022ರ ಏಪ್ರಿಲ್‌ನಿಂದ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾದಲ್ಲೂ ಈ ಮಾತು ಹುಡುಗರಿಂದ ಮಾತ್ರ ಬರುತ್ತಿಲ್ಲ. ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಸಕ್ಕರೆ ಕಾಯಿಲೆ ಬರಿಸಿಕೊಂಡು, ‘ವ್ಯಾಯಾಮ ಮಾಡಿ’ ಎಂದು ವೈದ್ಯರಿಂದ ಹೇಳಿಸಿಕೊಂಡ ಗೃಹಸ್ಥರೂ ಕೇಳುತ್ತಿದ್ದಾರೆ.

ಮೊದಲ ಸೈಕಲ್ ಹೊಂದದಿದ್ದರೆ ಅದು ತಿಂಗಳೊಳಗೆ ಗೋಡೆಗೆ ಒರಗುತ್ತದೆ. ಹಣ ಹೋದದ್ದು ಒಂದು ನಷ್ಟ. ವ್ಯಾಯಾಮದ ಸಂಕಲ್ಪವೇ ಹೋದದ್ದು ಅದಕ್ಕಿಂತ ದೊಡ್ಡ ನಷ್ಟ. ಆದ್ದರಿಂದ ಬಂಧುಗಳೇ, ನನ್ನ ಅಭಿಪ್ರಾಯ ಇಷ್ಟೇ: ನಮ್ಮ ಮೈಗೆ ಹೊಂದುವ, ನಮ್ಮ ಊರಿನಲ್ಲೇ ರಿಪೇರಿಯಾಗುವ ಸೈಕಲ್ಲೇ ನಿಜವಾಗಿ ಅಗ್ಗದ್ದು.

ಹೆಸರು ನೋಡಿ ಕೊಳ್ಳಬೇಡಿ

ನಮ್ಮ ತಲೆಮಾರಿನವರು ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ತುಳಿದವರು. ಹೆಸರೇ ನಮಗೆ ಭರವಸೆಯಾಗಿತ್ತು. 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾದ ಅಟ್ಲಾಸ್, 2020ರ ಜೂನ್ 3ರಂದು ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿತು; ಅಂದು ವಿಶ್ವ ಸೈಕಲ್ ದಿನ! ಹೆಸರು ಶಾಶ್ವತವಲ್ಲ. ಆ ಹಳೆಯ ಸೈಕಲ್ ಇಪ್ಪತ್ತು ಕಿಲೋ ಆಸುಪಾಸು ತೂಗುತ್ತಿತ್ತು, ಮೂಟೆ ಹೊರುತ್ತಿತ್ತು. ರೋಡ್ ಸೈಕಲ್ ಹತ್ತು–ಹನ್ನೆರಡು ಕಿಲೋ ಇರುತ್ತದೆ. ಬಾಗಿದ ಹ್ಯಾಂಡಲ್, ಸಣ್ಣ ಟೈರು; ಅದು ದೂರ ಹೋಗಲಿಕ್ಕೇ ಹೊರತು ಮೂಟೆ ಹೊರಲಿಕ್ಕಲ್ಲ.

ಮೊದಲು ಅಳತೆ

ಅಂಗಿಗೆ ಅಳತೆ ಕೊಡುವ ನಾವು ಸೈಕಲ್ಲಿಗೆ ಕೊಡುವುದಿಲ್ಲ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿನಿಂದ ನೆಲದವರೆಗೆ ಅಳೆಯಿರಿ. ಅದನ್ನು 0.67ರಿಂದ ಗುಣಿಸಿದರೆ ಫ್ರೇಮಿನ ಅಳತೆ ಸುಮಾರಾಗಿ ಸಿಗುತ್ತದೆ. 80 ಸೆಂ.ಮೀ. ಇದ್ದವರಿಗೆ 53–54ರ ಫ್ರೇಮು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿರುವ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಸೀಟು ತೀರ ಕೆಳಗಿದ್ದರೆ ಮಂಡಿನೋವು ಬರುವ ಸಂಭವ ಹೆಚ್ಚು. ‘ಇನ್ನೂ ಬೆಳೆಯುತ್ತಾನೆ’ ಎಂದು ಹುಡುಗನಿಗೆ ದೊಡ್ಡ ಫ್ರೇಮು ಕೊಡಿಸಬೇಡಿ. ಬ್ರೇಕ್ ಹಿಡಿಯಲು ಕೈ ಎಟುಕದಿದ್ದರೆ ಅದು ಅಪಾಯವೇ.

ನಮ್ಮೂರಿನ ಮುಳ್ಳು

ಹಳೆಯ 28 ಇಂಚಿನ ಸೈಕಲ್ಲಿನ ರಿಮ್ ಅಳತೆ 635 ಮಿ.ಮೀ.; ರೋಡ್ ಸೈಕಲ್ಲಿನದು 622. ಹದಿಮೂರು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಕಾಣದು, ಆದರೆ ಊರಿನ ಸೈಕಲ್ ಶಾಪಿನಲ್ಲಿ ನೇತುಹಾಕಿರುವ ಟೈರು ಇದಕ್ಕೆ ಕೂರದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ ಓದಿ. ವಾಲ್ವ್ ಕೂಡ ಬೇರೆ. ತೆಳುವಾದ ಪ್ರೆಸ್ಟಾ ವಾಲ್ವಿಗೆ ಶಾಪಿನ ಪಂಪು ಹಿಡಿಯುವುದಿಲ್ಲ. ಚಿಕ್ಕ ಹಿತ್ತಾಳೆ ಅಡಾಪ್ಟರ್ ಒಂದನ್ನು ಸೈಕಲ್ ಜೊತೆಗೇ ಕೊಳ್ಳಿ. ಮೋಟಾರ್ ಸೈಕಲ್ಲಿನಂಥ ಶ್ರೇಡರ್ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನ ಗಾಳಿಯೂ ಆಗುತ್ತದೆ.

ನಮ್ಮ ರಸ್ತೆಗಳ ಪಕ್ಕ ಬಳ್ಳಾರಿ ಜಾಲಿಯ ಮುಳ್ಳು ಎಲ್ಲೆಲ್ಲೂ. ಆದ್ದರಿಂದ 23 ಮಿ.ಮೀ. ಟೈರಿನ ಓಟದ ಸೈಕಲ್ ನಮಗೆ ಬೇಡ. 28ರಿಂದ 32 ಮಿ.ಮೀ. ಟೈರು ಹಿಡಿಸುವ ಫ್ರೇಮನ್ನೇ ಕೇಳಿ. ಪಂಕ್ಚರಾದಾಗ ಹೊಸ ಟ್ಯೂಬು ಹಾಕುವ ಮುನ್ನ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯಬೇಕು, ಇಲ್ಲವಾದರೆ ಹೊಸ ಟ್ಯೂಬೂ ಹೋಯಿತು.

ಗೇರು, ಬ್ರೇಕು, ಸೀಟು

ಹೆಚ್ಚು ಗೇರು ಎಂದರೆ ಒಳ್ಳೆಯ ಸೈಕಲ್ ಎಂದಲ್ಲ. ಹಿಂದಿನ ಚಕ್ರದಲ್ಲಿ ಏಳೆಂಟು ಹಲ್ಲುಚಕ್ರ ಸಾಕು; ಬಿಡಿಭಾಗವೂ ಅಗ್ಗ. ಹಿಂದೆ ದೊಡ್ಡದು 32 ಹಲ್ಲಿನದಾದರೆ ಏರು ಸುಲಭ. ಅಲ್ಯೂಮಿನಿಯಂ ಇಲ್ಲವೇ ಉಕ್ಕಿನ ಫ್ರೇಮು ಮೊದಲ ಸೈಕಲ್ಲಿಗೆ ಉತ್ತಮ. ತಂತಿಯಿಂದ ಎಳೆಯುವ ಬ್ರೇಕನ್ನು ನಮ್ಮೂರಿನ ಮೆಕ್ಯಾನಿಕ್ ಸರಿಮಾಡಬಲ್ಲ. ಎಣ್ಣೆಯ ಬ್ರೇಕು ಆತನಿಗೆ ಹೊಸದು. ದುಬಾರಿ ಸೀಟುಗಳಲ್ಲಿ ಕೆಲವು ಚರ್ಮದವು, ಕೈಗವಸಿನಲ್ಲೂ ಚರ್ಮ ಇರುತ್ತದೆ. ಕೇಳಿ ತಿಳಿದು ರೆಕ್ಸಿನ್, ಬಟ್ಟೆಯವನ್ನೇ ಆರಿಸಿ.

ಲೆಕ್ಕ

ಇಟ್ಟ ಹಣವನ್ನೆಲ್ಲ ಸೈಕಲ್ಲಿಗೇ ಸುರಿಯಬೇಡಿ. ಮೂವತ್ತು ಸಾವಿರ ಇಟ್ಟುಕೊಂಡವರು ಇಪ್ಪತ್ತೈದರೊಳಗೆ ಸೈಕಲ್ ನೋಡಲಿ. ಉಳಿದದ್ದು ಹೆಲ್ಮೆಟ್, ಮುಂದೆ ಹಿಂದೆ ದೀಪ, ಪಂಪು, ಎರಡು ಟ್ಯೂಬು, ಬೀಗಕ್ಕೆ. ಅಷ್ಟಕ್ಕೆ ಹೊಸದು ಸಿಗದಿದ್ದರೆ ಒಂದು ಕೈ ಬದಲಾದದ್ದನ್ನು ನೋಡಬಹುದು. ಆಗ ಹಳೆಯ ರಶೀದಿ, ಫ್ರೇಮಿನ ನಂಬರು ತಾಳೆ ನೋಡಿ. ಬೆಸುಗೆಯಲ್ಲಿ ಬಿರುಕು, ಚಕ್ರದ ಓಲಾಟ ಪರೀಕ್ಷಿಸಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಲಿ. ಪೆಟ್ಟಿಗೆಯಲ್ಲಿ ತರಿಸಿದರೆ ಜೋಡಣೆಯ ಕೂಲಿಯನ್ನೂ ಸೇರಿಸಿ. ಜೋಡಿಸುವಾಗ ನೆನಪಿರಲಿ, ಎಡ ಪೆಡಲಿನ ಮರೆ ತಿರುಗುವುದು ಉಲ್ಟಾ; ಬಲವಂತ ಮಾಡಿದರೆ ಅದು ಕೆಡುತ್ತದೆ.

ಆರಂಭ ಹೇಗೆ?

ಸಾಧ್ಯವಾದರೆ ಪರಿಚಿತರ ಸೈಕಲ್ ಪಡೆದು ಐದಾರು ಕಿ.ಮೀ. ತುಳಿದು ನೋಡಿ, ಆಮೇಲೆ ಹಣ ಎಣಿಸಿ. ನಮ್ಮ ಸೀಮೆಯ ಬಿಸಿಲಿಗೆ ಬೆಳಗಿನ ಸವಾರಿಯೇ ಸರಿ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಿಗೂ ಅದೇ ಅನುಕೂಲ. ಆಷಾಢದ ಗಾಳಿಯಲ್ಲಿ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಇರುವಂತೆ ದಾರಿ ಆರಿಸಿ. ದಣಿದವನನ್ನು ಗಾಳಿಯೇ ಮನೆಗೆ ತರುತ್ತದೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಸಕ್ಕರೆ ದಿಢೀರನೆ ಇಳಿಯಬಹುದು. ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯ ಪೊಟ್ಟಣವಿರಲಿ.

ಮೊದಲ ತಿಂಗಳು ದಿನಕ್ಕೆ ಎಂಟು ಹತ್ತು ಕಿ.ಮೀ. ಸಾಕು. ರೂಢಿಯಾದ ಮೇಲೆ ರಾಯದುರ್ಗದವರಿಗೆ ಮೊಳಕಾಲ್ಮೂರು ಇದೆ. ಮಡಕಶಿರಾದವರಿಗೆ ರೊಳ್ಳ ಕಡೆಯ ರತ್ನಗಿರಿ ಬಸದಿ, ಇನ್ನೂ ಮುಂದೆ ನೊಳಂಬರ ಹೇಮಾವತಿ ಇವೆ. ವರ್ಷ ತುಂಬುವಾಗ ಲೆಕ್ಕ ಹಾಕಿ: ಕೊಟ್ಟ ಬೆಲೆಯನ್ನು ತುಳಿದ ಕಿಲೋಮೀಟರುಗಳಿಂದ ಭಾಗಿಸಿ. ಬಂದ ಮೊತ್ತ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯ ವ್ಯಾಪಾರ ಮಾಡಿದ್ದೀರಿ ಎಂದು ತಿಳಿಯಿರಿ.